ಕಾರಿನ ತೂತು ತಗಡಿಗೆ ಮನೆಯಲ್ಲೇ ಬೆಸುಗೆ: ಮೊದಲ ಮಿಗ್ ಮಷೀನ್ ಕೊಳ್ಳುವವರಿಗೆ

ಮಾರುತಿ 800 ರಸ್ತೆಗಿಳಿದದ್ದು 1983ರ ಡಿಸೆಂಬರ್‌ನಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಈಗಲೂ ಓಡಾಡುತ್ತಿರುವ 800ಗಳಲ್ಲಿ ತೀರಾ ಹೊಸದಕ್ಕೂ ಹತ್ತು ವರ್ಷ ದಾಟಿದೆ. ಕಾರವಾರ, ಉಡುಪಿ, ಮಂಗಳೂರಿನ ಉಪ್ಪುಗಾಳಿ ಮತ್ತು ಮಳೆಗೆ ಸಿಕ್ಕ ಇಂಥ ಹಳೆ ಕಾರಿನ ಎಂಜಿನ್ ಚೆನ್ನಾಗಿಯೇ ಇದ್ದೀತು. ಆದರೆ ಮ್ಯಾಟ್ ಎತ್ತಿ ಸ್ಕ್ರೂಡ್ರೈವರ್‌ನಿಂದ ತಳವನ್ನು ಒತ್ತಿದರೆ ತುಕ್ಕು ಉದುರಿ ನೆಲ ಕಾಣಿಸುತ್ತದೆ. ತುಕ್ಕು ತಿಂದ ಭಾಗ ಕತ್ತರಿಸಿ ಹೊಸ ತಗಡು ಕೂರಿಸುವ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕೆನ್ನುವ ಹವ್ಯಾಸಿಗೆ ಮಿಗ್ ವೆಲ್ಡಿಂಗ್ ಮಷೀನ್ ತಕ್ಕ ಸಾಧನ. ಟ್ರಿಗರ್ ಒತ್ತಿದರೆ ವೈರ್ ತಾನಾಗಿ ಬರುತ್ತದೆ. ರಾಡ್ ವೆಲ್ಡಿಂಗ್‌ಗಿಂತ ಬೇಗ ಕೈಗೆ ಹತ್ತುತ್ತದೆ.

ಅಂಗಡಿಗೆ ಹೋದವರು ಮೊದಲು ಕೇಳುವುದು ‘ಎಷ್ಟು ಆಂಪ್ಸ್?’ ಎಂದು. ಮಷೀನ್ ಮೇಲೆ 200, 250 ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಕಾರಿನ ಬಾಡಿ ಕೆಲಸಕ್ಕೆ ಮುಖ್ಯವಾದದ್ದು ಆ ಗರಿಷ್ಠ ಅಂಕಿಯಲ್ಲ, ಕನಿಷ್ಠ ಅಂಕಿ. ಬಾಡಿ ತಗಡಿನ ದಪ್ಪ ಸಾಮಾನ್ಯವಾಗಿ 0.7ರಿಂದ 0.9 ಮಿಲಿಮೀಟರ್. ಅದಕ್ಕೆ 30ರಿಂದ 50 ಆಂಪ್ಸ್ ಸಾಕು. ಮಷೀನ್ ಅಷ್ಟು ಕೆಳಕ್ಕಿಳಿಯದಿದ್ದರೆ, ಇಳಿದರೂ ಆರ್ಕ್ ತಡವರಿಸಿದರೆ, ಮುಚ್ಚಲು ಹೋದ ತೂತು ದೊಡ್ಡದಾಗುತ್ತದೆ.

ಆದ್ದರಿಂದ ಕೊಳ್ಳಲು ಹೋಗುವಾಗ ಗುಜರಿಯಿಂದ ಹಳೆ ಕಾರಿನ ಬಾಗಿಲ ತಗಡಿನ ಎರಡು ತುಂಡು ತಂದು, ಬಣ್ಣ ಉಜ್ಜಿ ತೆಗೆದು ಜೊತೆಗೆ ಒಯ್ಯುವುದು ಒಳ್ಳೆಯದು. ಅತಿ ಕಡಿಮೆ ಸೆಟ್ಟಿಂಗ್‌ನಲ್ಲಿ ಅವನ್ನು ಸೇರಿಸಿ ತೋರಿಸಲು ಅಂಗಡಿಯವರನ್ನು ಕೇಳಿ. ಬಾಣಲೆಯಲ್ಲಿ ಒಗ್ಗರಣೆ ಸಿಡಿಯುವಂತೆ ಒಂದೇ ಸಮನೆ ಸದ್ದು ಬಂದರೆ ಮಷೀನ್ ಸರಿಯಿದೆ. ವೈರ್ ತಗಡಿಗೆ ಗುದ್ದಿ ಗುದ್ದಿ ಗನ್ ಹಿಂದಕ್ಕೆ ಜಗ್ಗಿದರೆ, ಸೆಟ್ಟಿಂಗ್ ಬದಲಿಸಿದರೂ ಅದು ನಿಲ್ಲದಿದ್ದರೆ, ಬೇರೆ ಮಷೀನ್ ನೋಡಿ. ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ಕೊಳ್ಳದಿರುವುದೇ ಲೇಸು.

ಮುಂದಿನ ಪ್ರಶ್ನೆ ಗ್ಯಾಸ್‌ನದು. ಸಿಲಿಂಡರ್ ಬೇಡದ, ಫ್ಲಕ್ಸ್ ಕೋರ್ ವೈರ್‌ನಲ್ಲಷ್ಟೇ ನಡೆಯುವ ಮಷೀನ್‌ಗಳು ಅಗ್ಗ. ಗೇಟು, ಗ್ರಿಲ್‌ಗೆ ಅವು ಸಾಕು. ಗಾಳಿ ಬೀಸುವ ಬಯಲಲ್ಲೂ ನಡೆಯುತ್ತವೆ. ಆದರೆ ಆ ವೈರ್ ತೆಳು ತಗಡಿಗೆ ಬಿಸಿ ಹೆಚ್ಚು ಕೊಡುತ್ತದೆ, ಕಿಡಿ ಹಾರಿಸುತ್ತದೆ, ಪ್ರತಿ ಬೆಸುಗೆಯ ಮೇಲೂ ಕಿಟ್ಟ ಬಿಡುತ್ತದೆ. ಕಾರಿಗೆಂದೇ ಕೊಳ್ಳುವವರು ಗ್ಯಾಸ್ ಜೋಡಿಸಬಹುದಾದ ಮಷೀನನ್ನೇ ಆರಿಸಬೇಕು. ಬರೀ ಕಾರ್ಬನ್ ಡೈಆಕ್ಸೈಡ್ ಅಗ್ಗ. ಆರ್ಗಾನ್ 80, ಕಾರ್ಬನ್ ಡೈಆಕ್ಸೈಡ್ 20 ಪಾಲಿನ ಮಿಶ್ರಣ ದುಬಾರಿಯಾದರೂ ಆರ್ಕ್ ನಯವಾಗಿರುತ್ತದೆ, ಕಿಡಿ ಕಡಿಮೆ. ಊರ ಹತ್ತಿರ ಸಿಲಿಂಡರ್ ತುಂಬಿಸಿಕೊಡುವವರು ಯಾರು, ಠೇವಣಿ ಎಷ್ಟು ಎಂಬುದನ್ನು ಮಷೀನ್‌ಗಿಂತ ಮೊದಲೇ ವಿಚಾರಿಸಿಕೊಳ್ಳಿ. ಗನ್‌ನ ಪ್ಲಸ್–ಮೈನಸ್ ಅದಲುಬದಲು ಮಾಡುವ ಸೌಲಭ್ಯವೂ ಇರಲಿ: ಗ್ಯಾಸ್ ಜೊತೆಗಿನ ಸಾದಾ ವೈರ್‌ಗೆ ಗನ್ ಪ್ಲಸ್‌ನಲ್ಲಿರಬೇಕು, ಗ್ಯಾಸ್ ಬೇಡದ ಫ್ಲಕ್ಸ್ ಕೋರ್‌ಗೆ ಮೈನಸ್‌ನಲ್ಲಿ.

ಇನ್ನು ಮನೆಯ ಕರೆಂಟು. 230 ವೋಲ್ಟ್ ಸಿಂಗಲ್ ಫೇಸ್‌ನ 16 ಆಂಪ್ಸ್ ಪ್ಲಗ್ ಪಾಯಿಂಟ್‌ಗೆ ತಾಳುವಂಥ ಇನ್‌ವರ್ಟರ್ ಮಷೀನ್ ಬೇಕು. 200 ಆಂಪ್ಸ್ ಮಷೀನನ್ನು ಪೂರ್ತಿ ಏರಿಸಿದರೆ ಅದು ಎಳೆಯುವ ಕರೆಂಟು 16 ಆಂಪ್ಸ್ ಮೀರಿ ಎಂಸಿಬಿ ಬೀಳುತ್ತದೆ. 40 ಆಂಪ್ಸ್‌ನಲ್ಲಿ ತಗಡು ಬೆಸೆಯುವಾಗ ಆ ತೊಂದರೆಯಿಲ್ಲ. ಮಷೀನ್ ಗೋಡೆಯಿಂದ ಗರಿಷ್ಠ ಎಷ್ಟು ಕರೆಂಟು ಎಳೆಯುತ್ತದೆ ಎಂಬುದು ಹಿಂದಿನ ತಗಡುಪಟ್ಟಿಯಲ್ಲಿ ನಮೂದಾಗಿರುತ್ತದೆ. ಅದನ್ನು ಎಲೆಕ್ಟ್ರಿಷಿಯನ್‌ಗೆ ತೋರಿಸಿ ವೈರಿಂಗ್, ಅರ್ಥಿಂಗ್ ಸರಿಯಿದೆಯೇ ಎಂದು ಪರೀಕ್ಷೆ ಮಾಡಿಸಿ. ಅದೇ ಪಟ್ಟಿಯಲ್ಲಿ ಡ್ಯೂಟಿ ಸೈಕಲ್ ಕೂಡ ಇರುತ್ತದೆ. 200 ಆಂಪ್ಸ್‌ಗೆ 20 ಪರ್ಸೆಂಟ್ ಎಂದರೆ ಹತ್ತು ನಿಮಿಷದಲ್ಲಿ ಎರಡೇ ನಿಮಿಷ ಬೆಸೆದು ಉಳಿದ ಎಂಟು ನಿಮಿಷ ತಣಿಯಲು ಬಿಡಬೇಕು. ಬಾಡಿ ಕೆಲಸಕ್ಕೆ ಇದರ ಚಿಂತೆ ಕಡಿಮೆ. ತಗಡು ಸೊಟ್ಟಗಾಗದಿರಲು ಒಂದೊಂದೇ ಚುಕ್ಕೆ ಹಾಕಿ, ಜಾಗ ಬದಲಿಸುತ್ತ, ನಡುವೆ ತಣಿಯಲು ಬಿಟ್ಟೇ ಬೆಸೆಯಬೇಕಲ್ಲ!

ಗನ್ ಬಿಚ್ಚಿ ಬದಲಿಸುವಂತಿರಲಿ. ನಾಝಲ್, ಟಿಪ್ ಬೇಗ ಸವೆಯುತ್ತವೆ. ಎಲ್ಲೆಡೆ ಬಿಡಿಭಾಗ ಸಿಗುವ 15ಎಕೆ ಮಾದರಿಯ ಗನ್ ಇದ್ದರೆ ಅಲೆದಾಟ ತಪ್ಪುತ್ತದೆ. 0.6 ಮತ್ತು 0.8 ಮಿಲಿಮೀಟರ್ ವೈರ್ ಎರಡಕ್ಕೂ ರೋಲರ್ ಸಿಗುತ್ತದೆಯೇ ಕೇಳಿ. ಒಂದು ಕಿಲೋ ಸುರುಳಿ ಮಾತ್ರ ಹಿಡಿಸುವ ಮಷೀನ್‌ಗಿಂತ ಐದು ಕಿಲೋದ್ದಕ್ಕೂ ಜಾಗವಿರುವುದು ಮೇಲು.

ಬಜೆಟ್ಟಿನಲ್ಲಿ ಒಂದಿಷ್ಟು ದುಡ್ಡು ಬೇರೆ ಸಾಮಾನಿಗೆ ಎತ್ತಿಡಬೇಕು: ತಾನಾಗಿ ಕಪ್ಪಾಗುವ ಹೆಲ್ಮೆಟ್, ಚರ್ಮದ ಗ್ಲೌಸ್, ಹೊಗೆ ತಡೆಯುವ ಮಾಸ್ಕ್, ಕೈಗೆಟಕುವಲ್ಲಿ ಬೆಂಕಿ ಆರಿಸುವ ಸಿಲಿಂಡರ್. ಸತುವಿನ ಲೇಪವಿರುವ ತಗಡಿನ ಹೊಗೆ ಜ್ವರ ಬರಿಸುತ್ತದೆ, ಹಾಗಾಗಿ ಬೆಸೆಯುವ ಜಾಗದ ಲೇಪವನ್ನು ಮೊದಲೇ ಉಜ್ಜಿ ತೆಗೆಯಿರಿ. ಕ್ಲೋರಿನ್ ಅಂಶವಿರುವ ಬ್ರೇಕ್ ಕ್ಲೀನರ್‌ನಿಂದ ಒರೆಸಿದ ಜಾಗಕ್ಕೆ ಆರ್ಕ್ ತಾಗಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟಬಲ್ಲದು, ಅದನ್ನು ಬಳಸಲೇಬೇಡಿ. ಕಾರಿನ ಬ್ಯಾಟರಿ ಬಿಚ್ಚಿಡಿ, ಅರ್ಥ್ ಕ್ಲ್ಯಾಂಪನ್ನು ಬೆಸುಗೆಯ ಹತ್ತಿರವೇ ಕಚ್ಚಿಸಿ.

ತಳ, ಮಡ್‌ಗಾರ್ಡ್‌ನಂಥ ಜಾಗದಲ್ಲಿ ಕೈ ಪಳಗಿಸಿಕೊಳ್ಳಬಹುದು. ಸೀಟ್‌ಬೆಲ್ಟ್ ಬಿಗಿದ ಜಾಗ, ಸಸ್ಪೆನ್ಷನ್ ಕೂತ ಜಾಗದ ಕೆಲಸವನ್ನು ಮಾತ್ರ ನುರಿತವರಿಗೇ ಬಿಡಿ. ಪೆಟ್ರೋಲ್ ಟ್ಯಾಂಕ್ ಖಾಲಿಯಿದ್ದರೂ ಒಳಗಿನ ಆವಿ ಸಿಡಿಯುತ್ತದೆ. ಟ್ಯಾಂಕ್‌ಗೆ ಮನೆಯಲ್ಲಿ ಬೆಸುಗೆ ಹಾಕಬೇಡಿ. ಅದರ ಅಕ್ಕಪಕ್ಕ ಬೆಸೆಯುವುದಿದ್ದರೆ ಅದನ್ನು ಕಾರಿನಿಂದ ಇಳಿಸಿ ದೂರ ಇಟ್ಟ ಮೇಲೆಯೇ ಗನ್ ಹಿಡಿಯಿರಿ.