ಯಾರೂ ಸೇರಿಸಿಕೊಳ್ಳದವರನ್ನು ಸೇರಿಸಿಕೊಂಡು ಗೆಲ್ಲಿ: ಟೀಮ್ ಲೀಡರ್‌ಗೆ 8 ಸೂತ್ರಗಳು

ನೀವು ಎಚ್‌ಆರ್‌ನಲ್ಲಿದ್ದೀರಿ. ಇಲ್ಲವೇ ಫ್ಯಾಕ್ಟರಿಯಲ್ಲಿ ಲೈನ್ ಸೂಪರ್‌ವೈಸರ್, ಹೋಟೆಲಿನಲ್ಲಿ ಮ್ಯಾನೇಜರ್. ಒಳ್ಳೆಯ ಟೀಮ್ ಕಟ್ಟಿ ಮೇಲೆ ಬರಬೇಕೆಂಬ ಛಲ ನಿಮಗಿದೆ. ಹಾಗಾದರೆ ಉಳಿದವರು ಹಿಂಜರಿಯುವ ಕಡೆಯೇ ಕೈಹಾಕಿ. ಬೌದ್ಧಿಕ ಅಂಗವೈಕಲ್ಯ ಇರುವ ಒಬ್ಬರನ್ನು ಸಂಬಳದ ಕೆಲಸಕ್ಕೆ ತೆಗೆದುಕೊಳ್ಳಿ, ಅವರು ಅಲ್ಲಿ ನೆಲೆನಿಲ್ಲುವಂತೆ ನೋಡಿಕೊಳ್ಳಿ. 2011ರ ಜನಗಣತಿಯ ಲೆಕ್ಕದಲ್ಲೇ ದೇಶದಲ್ಲಿ ಇಂಥವರು 15 ಲಕ್ಷ ಮಂದಿ. ಅವರಿಗೆ ಕಲಿಸಬಲ್ಲ ಸೂಪರ್‌ವೈಸರ್ ಯಾರಿಗೆ ಬೇಕಾದರೂ ಕಲಿಸಬಲ್ಲ. ಈ ಸ್ಕಿಲ್ ಬೆಳೆಸಿಕೊಳ್ಳಿ.

1. ಮೊದಲು ಕೆಲಸ ಕೊಡಿ, ಆಮೇಲೆ ಕಲಿಸಿ.
"ಇನ್ನೂ ರೆಡಿ ಆಗಿಲ್ಲ" ಎಂಬ ಮಾತನ್ನು ಇವತ್ತೇ ಬಿಡಿ. ಆ ಮಾತು ನಂಬಿಕೊಂಡು ಎಷ್ಟೋ ಜನ ತರಬೇತಿ ಕೇಂದ್ರಗಳಲ್ಲಿ ಮೇಣದಬತ್ತಿ, ಪೇಪರ್ ಕವರ್ ಮಾಡುತ್ತಲೇ ವಯಸ್ಸು ಕಳೆದಿದ್ದಾರೆ. 1980ರ ದಶಕದಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಪಾಲ್ ವೇಮನ್ ಮತ್ತು ಸಂಗಡಿಗರು ಈ ಕ್ರಮವನ್ನೇ ತಿರುಗಿಸಿದರು: ಮೊದಲು ನಿಜವಾದ ನೌಕರಿ, ಅಲ್ಲಿಯೇ ತರಬೇತಿ. ಇದರ ಹೆಸರೇ ಸಪೋರ್ಟೆಡ್ ಎಂಪ್ಲಾಯ್‌ಮೆಂಟ್. ಕಾರಣ ಸರಳ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಹೊಂದಿಸಿಕೊಳ್ಳುವುದೇ ಬೌದ್ಧಿಕ ಅಂಗವೈಕಲ್ಯ ಇರುವ ಅನೇಕರಿಗೆ ಕಷ್ಟ. ಹಾಗಾಗಿ ಮುಂದೆ ಕೆಲಸ ಮಾಡುವ ಜಾಗದಲ್ಲೇ, ಅದೇ ಮೆಷಿನ್ ಮುಂದೆಯೇ ಕಲಿಸಿ.

2. ಕೆಲಸವನ್ನು ಬಿಡಿ ಬಿಡಿಯಾಗಿ ಬಿಡಿಸಿ.
ಇಡೀ ಪಟ್ಟಿಯ ಪ್ರಾಣ ಇರುವುದು ಇಲ್ಲಿ. ನಿಧಾನವಾಗಿ ಓದಿ.

"ಟೇಬಲ್ ಕ್ಲೀನ್ ಮಾಡಿ" ಅನ್ನುವುದು ಒಂದು ಕೆಲಸದಂತೆ ಕಾಣುತ್ತದೆ. ಕೂತು ಬರೆಯಿರಿ. ಗಿರಾಕಿ ಎದ್ದು ಹೋದರಾ ನೋಡು. ಟ್ರೇ ತಾ. ಮೊದಲು ಲೋಟ ಎತ್ತು, ಆಮೇಲೆ ತಟ್ಟೆ. ಎಂಜಲನ್ನು ಬಕೆಟ್‌ಗೆ ಹಾಕು. ಬಟ್ಟೆ ಒದ್ದೆ ಮಾಡಿ ಹಿಂಡು. ಆ ತುದಿಯಿಂದ ಈ ತುದಿಗೆ ಒರೆಸು. ಕುರ್ಚಿ ಒಳಗೆ ತಳ್ಳು. ಎಷ್ಟೊಂದು ಹಂತ! ನೀವು ಮರೆತೇಬಿಟ್ಟಿದ್ದೀರಿ, ಅಷ್ಟೆ. ಒಂದೊಂದು ಹಂತವನ್ನೂ ಪ್ರತ್ಯೇಕವಾಗಿ ಕಲಿಸಿ. ಎಲ್ಲಿ ತಡವರಿಸಿದರೋ ಆ ಹಂತವನ್ನು ಇನ್ನೂ ಎರಡಾಗಿ ಒಡೆಯಿರಿ.

ಇದು ಕೆಲಸ ಮಾಡುತ್ತದಾ ಎಂಬ ಅನುಮಾನವೇ? ಇಲಿನಾಯ್ ವಿಶ್ವವಿದ್ಯಾಲಯದ ಮಾರ್ಕ್ ಗೋಲ್ಡ್ 1970ರ ದಶಕದ ಆರಂಭದಲ್ಲೇ ಉತ್ತರ ಕೊಟ್ಟಾಗಿದೆ. "ಇವರ ಕೈಲಿ ಏನೂ ಆಗದು" ಎಂದು ಬದಿಗಿಟ್ಟಿದ್ದ ಜನರಿಗೆ ಅವರು 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿದರು. ಮಾತು ಕಡಿಮೆ, ಕೈಯಿಂದ ತೋರಿಸುವುದು ಜಾಸ್ತಿ. ಒಂದು ರೀತಿಯಲ್ಲಿ ಬರದಿದ್ದರೆ ಇನ್ನೊಂದು ರೀತಿ. ಕಲಿಯುವವರಿಗೆ ಬರಲಿಲ್ಲ ಅಂದರೆ ಕಲಿಸುವ ವಿಧಾನ ಬದಲಿಸು ಎಂಬುದೇ ಅವರ ನಿಯಮ. ನಿಮ್ಮ ನಿಯಮವೂ ಅದೇ ಆಗಲಿ.

3. ಇಂಟರ್‌ವ್ಯೂ ಬಿಡಿ, ಟ್ರಯಲ್ ಕೊಡಿ.
"ನಿಮ್ಮ ಬಗ್ಗೆ ಹೇಳಿ", "ಐದು ವರ್ಷದಲ್ಲಿ ಎಲ್ಲಿರುತ್ತೀರಿ" ಮುಂತಾದ ಪ್ರಶ್ನೆಗಳು ಅಳೆಯುವುದು ಮಾತುಗಾರಿಕೆಯನ್ನು. ನಿಮಗೆ ಬೇಕಿರುವುದು ಪ್ಯಾಕಿಂಗ್ ಮಾಡುವ ಕೈ. ಕೆಲವು ದಿನ ಆ ಕೆಲಸವನ್ನೇ ಮಾಡಿಸಿ ನೋಡಿ. ಆ ದಿನಗಳ ಕೂಲಿಯನ್ನೂ ಕೊಡಿ.

4. ಜಾಬ್ ಕೋಚ್ ಕರೆಸಿ, ಜೊತೆಗಾರರನ್ನು ನೇಮಿಸಿ.
ಮೊದಲ ವಾರಗಳಲ್ಲಿ ಕೆಲಸ ಕಲಿಸುವ ಜಾಬ್ ಕೋಚ್ ಪಕ್ಕದಲ್ಲೇ ನಿಲ್ಲಲಿ. ಆಮೇಲೆ ದಿನಕ್ಕೊಮ್ಮೆ, ವಾರಕ್ಕೊಮ್ಮೆ ಎಂದು ಹಿಂದೆ ಸರಿಯಲಿ. ಅಷ್ಟರಲ್ಲಿ ನಿಮ್ಮದೇ ಟೀಮಿನ ಒಬ್ಬರು ಆ ಜಾಗಕ್ಕೆ ಬಂದಿರಬೇಕು. ಬೆಂಗಳೂರಿನಲ್ಲಿ 1999ರಿಂದ ಅಂಗವಿಕಲರ ಉದ್ಯೋಗಕ್ಕಾಗಿ ಕೆಲಸ ಮಾಡುತ್ತಿರುವ ಎನೇಬಲ್ ಇಂಡಿಯಾದಂಥ ಸಂಸ್ಥೆಗಳಿಗೆ ಈ ದಾರಿ ಗೊತ್ತು. ಕೇಳಿ. ಕೇಳುವುದರಲ್ಲಿ ಸಣ್ಣತನ ಏನೂ ಇಲ್ಲ.

5. ದೊಡ್ಡವರನ್ನು ದೊಡ್ಡವರಂತೆಯೇ ನಡೆಸಿಕೊಳ್ಳಿ.
ಮೂವತ್ತು ವರ್ಷದ ಸಹೋದ್ಯೋಗಿಯ ಕೆನ್ನೆ ಹಿಂಡಬೇಡಿ, "ಪುಟ್ಟಾ" ಎನ್ನಬೇಡಿ. ತಪ್ಪು ಮಾಡಿದರೆ ಅವತ್ತೇ, ಬೇರೆ ಕರೆದು, ಒಂದೇ ವಾಕ್ಯದಲ್ಲಿ ಹೇಳಿ. ಸುಮ್ಮನೆ ಚಪ್ಪಾಳೆ ತಟ್ಟಿ ಕಳಿಸಿದರೆ ಅವರು ಕಲಿಯುವ ಅವಕಾಶ ತಪ್ಪಿಸಿದಿರಿ. ಕರುಣೆ ಕೆಲಸ ಕಲಿಸುವುದಿಲ್ಲ, ಫೀಡ್‌ಬ್ಯಾಕ್ ಕಲಿಸುತ್ತದೆ.

6. ಪೂರ್ತಿ ಸಂಬಳ, ಅವರದೇ ಅಕೌಂಟಿಗೆ.
ಅದೇ ಕೆಲಸಕ್ಕೆ ಬೇರೆಯವರಿಗೆ ಎಷ್ಟೋ ಇವರಿಗೂ ಅಷ್ಟೇ. ಪಿಎಫ್, ರಜೆ, ಪೇ ಸ್ಲಿಪ್ ಎಲ್ಲ ಇರಲಿ. "ಹೊತ್ತು ಹೋಗಲಿ ಅಂತ ಇಟ್ಟುಕೊಂಡಿದ್ದೇವೆ" ಎಂದು ಕೈಗೆ ಕಾಫಿ ಕಾಸು ಕೊಡುವ ಮಾಲೀಕರನ್ನು ನಾನು ಉದ್ಯೋಗದಾತರು ಎಂದು ಕರೆಯುವುದಿಲ್ಲ.

7. ಮನೆಯವರನ್ನು ಜೊತೆಗಿಟ್ಟುಕೊಳ್ಳಿ.
ಕೆಲಸ ಬಂದರೂ ಎಷ್ಟೋ ಸಲ ತಡೆಯುವುದು ತಾಯಿಯ ಭಯ. ಬಸ್ಸು ತಪ್ಪಿದರೆ? ಯಾರಾದರೂ ಮೋಸ ಮಾಡಿದರೆ? ಆ ಭಯವನ್ನು ತಳ್ಳಿಹಾಕಬೇಡಿ, ಪ್ಲ್ಯಾನ್ ಆಗಿ ಬದಲಿಸಿ. ಬಸ್ ರೂಟನ್ನೂ ಹಂತ ಹಂತವಾಗಿ ಅಭ್ಯಾಸ ಮಾಡಿಸಿ. ವಿಕಲಚೇತನರ ರಿಯಾಯಿತಿ ಪಾಸ್ ಮಾಡಿಸಿ. ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು ಎಂಬುದನ್ನು ಚೀಟಿಯಲ್ಲಿ ಬರೆದು ಐಡಿ ಕಾರ್ಡಿನ ಹಿಂದೆ ಇಡಿ. ಆದರೆ ಕೆಲಸದ ಮಾತನ್ನು ನೌಕರರ ಜೊತೆಯೇ ಆಡಿ. ಶಿಫ್ಟ್ ಬದಲಾದರೆ ಮೊದಲು ಗೊತ್ತಾಗಬೇಕಾದ್ದು ಅವರಿಗೆ, ಅಪ್ಪ-ಅಮ್ಮನಿಗೆ ಆಮೇಲೆ.

8. ಕಾನೂನು ಓದಿ, ಆಮೇಲೆ ಮೀಟಿಂಗ್‌ಗೆ ಹೋಗಿ.
ಮ್ಯಾನೇಜ್‌ಮೆಂಟ್ ಹಿಂಜರಿದರೆ ಕೈಯಲ್ಲಿ ಪಾಯಿಂಟ್ ಇರಲಿ. 1995ರ ಅಂಗವಿಕಲರ ಕಾಯ್ದೆಯ ಉದ್ಯೋಗ ಮೀಸಲಾತಿಯಲ್ಲಿ ಬೌದ್ಧಿಕ ಅಂಗವೈಕಲ್ಯಕ್ಕೆ ಜಾಗವೇ ಇರಲಿಲ್ಲ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಒಟ್ಟು 4% ಮೀಸಲಿಟ್ಟಿತು. ಅದರಲ್ಲಿ 1% ಬೌದ್ಧಿಕ ಅಂಗವೈಕಲ್ಯ, ಆಟಿಸಂ, ಮಾನಸಿಕ ಕಾಯಿಲೆ ಮೊದಲಾದವು ಸೇರಿದ ಗುಂಪಿಗೆ. ಖಾಸಗಿ ಕಂಪನಿಗಳಿಗೆ ಮೀಸಲಾತಿ ಕಡ್ಡಾಯ ಇಲ್ಲ. ಆದರೆ ಸಮಾನ ಅವಕಾಶ ನೀತಿ ಅವರಿಗೂ ಇರಲೇಬೇಕು. 20 ಅಥವಾ ಹೆಚ್ಚು ನೌಕರರಿದ್ದರೆ, ಅಂಗವಿಕಲರಿಗೆ ಸೂಕ್ತವಾದ ಹುದ್ದೆಗಳನ್ನು ಆ ನೀತಿಯಲ್ಲಿ ಗುರುತಿಸಿ, ಅವರ ನೇಮಕಾತಿ ನೋಡಿಕೊಳ್ಳುವ ಲಿಯಾಸನ್ ಅಧಿಕಾರಿಯನ್ನೂ ನೇಮಿಸಬೇಕು. ನಿಮ್ಮ ಕಂಪನಿಯಲ್ಲಿ ಆ ಅಧಿಕಾರಿ ಯಾರು? ಗೊತ್ತಿಲ್ಲದಿದ್ದರೆ ಆ ಜವಾಬ್ದಾರಿಯನ್ನು ನೀವೇ ಕೇಳಿ ಪಡೆಯಿರಿ.

ಇನ್ನೂ ಅನುಮಾನ ಉಳಿದಿದ್ದರೆ ಅದು ಅಭ್ಯಾಸಬಲ. ಹೋಗಿ ಕಣ್ಣಾರೆ ನೋಡಿದರೆ ಬಿಟ್ಟುಹೋಗುತ್ತದೆ. 2017ರಲ್ಲಿ ಹುಬ್ಬಳ್ಳಿಯ ಬಿವಿಬಿ ಕಾಲೇಜಿನ ಆವರಣದಲ್ಲಿ ಅಲೀನಾ ಆಲಂ ಒಂದು ಸಣ್ಣ ಮಿಟ್ಟಿ ಕೆಫೆ ತೆರೆದರು. ನಡೆಸುವವರು ಬೌದ್ಧಿಕ, ದೈಹಿಕ ಅಂಗವೈಕಲ್ಯ ಇರುವವರು. 2023ರ ನವೆಂಬರ್‌ನಲ್ಲಿ ಅದೇ ಕೆಫೆಯ ಒಂದು ಶಾಖೆಯನ್ನು ಸುಪ್ರೀಂ ಕೋರ್ಟ್ ಆವರಣದಲ್ಲಿ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಉದ್ಘಾಟಿಸಿದರು. ಲೆಮನ್ ಟ್ರೀ ಹೋಟೆಲ್‌ಗಳು ಡೌನ್ ಸಿಂಡ್ರೋಮ್ ಇರುವವರನ್ನು ರೆಸ್ಟೋರೆಂಟ್ ಕೆಲಸಕ್ಕೆ ತೆಗೆದುಕೊಂಡಿವೆ.

ಈ ವಾರವೇ ಶುರುಮಾಡಿ. ನಿಮ್ಮ ವಿಭಾಗದಲ್ಲಿ ದಿನವೂ ಒಂದೇ ರೀತಿ ನಡೆಯುವ ಒಂದು ಕೆಲಸ ಆರಿಸಿ, ಅದರ ಹಂತಗಳನ್ನು ಬರೆಯಿರಿ, ಆ ಹಾಳೆ ಹಿಡಿದು ಎಚ್‌ಆರ್ ಹತ್ತಿರ ಹೋಗಿ.