ಮಲೆನಾಡಿನ ಮನೆ, ಅಂಗಳ, ಹಿತ್ತಲು: ಕೂಡಿಸತಕ್ಕವು, ಬೇರ್ಪಡಿಸತಕ್ಕವು

ಸಹ್ಯಾದ್ರಿಯ ಮಗ್ಗುಲಿನ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬ, ಕೊಪ್ಪ, ಶೃಂಗೇರಿ ಮುಂತಾದ ತಾಲ್ಲೂಕುಗಳಲ್ಲಿ ಬಯಲುಸೀಮೆಯ ಊರುಗಳಂತೆ ಮನೆಗಳು ಒತ್ತೊತ್ತಾಗಿ ಬೀದಿಗಟ್ಟಿ ನಿಂತಿರುವುದು ಅಪರೂಪ. ಕಣಿವೆಯ ಅಂಚಿನಲ್ಲಿ ಒಂದು ಮನೆ, ಕೂಗಳತೆಯಲ್ಲಿ ಇನ್ನೊಂದು ಮನೆ; ಮುಂದೆ ಅಂಗಳ, ಮಗ್ಗುಲಲ್ಲಿ ಕೊಟ್ಟಿಗೆ, ಹಿಂದೆ ಬಾವಿ ಮತ್ತು ಹಿತ್ತಲು, ಕೆಳಗೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಹೊರಗಿನಿಂದ ಬಂದವರ ಕಣ್ಣಿಗೆ ಇದು ಬರಿಯ ಹಸುರಿನ ಚೆಲುವು. ಒಕ್ಕಲುತನವನ್ನು ಬಲ್ಲವರಿಗಾದರೋ ಇದು ಕ್ರಮವರಿತ ಒಂದು ಏರ್ಪಾಡು. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ತೋಟಕ್ಕೆ, ಬಚ್ಚಲಿನ ನೀರು ಬಾಳೆಯ ಬುಡಕ್ಕೆ, ಒಲೆಯ ಬೂದಿ ತರಕಾರಿಯ ಪಾತಿಗೆ, ಪಾತಿಯ ಕಾಯಿಪಲ್ಯ ಮರಳಿ ಅಡಿಗೆಮನೆಗೆ ಸಲ್ಲುವುವು.

ಹೀಗೆ ಒಂದರೊಡನೊಂದು ಕೂಡಿರುವುದೇ ಮಲೆನಾಡಿನ ಮನೆಯ ಬಲ. ಆದರೆ ಕೂಡಬಾರದವು ಕೂಡಿದಲ್ಲಿ ಆ ಬಲವೇ ರೋಗಕ್ಕೆ ದಾರಿಯಾಗುವುದು. ಯಾವುದನ್ನು ಕೂಡಿಸಬೇಕು, ಯಾವುದನ್ನು ದೂರವಿಡಬೇಕು ಎಂಬುದನ್ನು ಜಮೀನುದಾರರಿಗೂ ಊರಿನ ಮುಖಂಡರಿಗೂ ತಿಳಿಸುವುದೇ ಈ ಕರಪತ್ರದ ಉದ್ದೇಶ.

1. ಮಾಡು ಮತ್ತು ಅಂಗಳ

ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವುದು. ಅದರ ಬಹುಪಾಲು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವುದು. ಇಲ್ಲಿಯ ಮನೆಯ ಆಕಾರವನ್ನು ಈ ಮಳೆಯೇ ನಿರ್ಧರಿಸಿದೆ. ಮಾಡು ಕಡಿದಾಗಿರುವುದು, ಸೂರು ಗೋಡೆಯಿಂದ ಬಹು ಮುಂದಕ್ಕೆ ಚಾಚಿರುವುದು, ನೆಲಗಟ್ಟು ಅಂಗಳಕ್ಕಿಂತ ಎತ್ತರವಾಗಿರುವುದು, ಇವೆಲ್ಲವೂ ಗೋಡೆಯನ್ನು ತೇವದಿಂದ ಕಾಪಾಡುವುದಕ್ಕಾಗಿಯೇ. ಹಿಂದೆ ಮಾಡಿಗೆ ಹುಲ್ಲನ್ನೋ ಅಡಿಕೆಯ ಸೋಗೆಯನ್ನೋ ಹೊದಿಸುತ್ತಿದ್ದರು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ತೆರೆದ ತರುವಾಯ ಮಂಗಳೂರು ಹೆಂಚು ಕ್ರಮೇಣ ಘಟ್ಟದ ಮೇಲಕ್ಕೂ ಹಬ್ಬಿತು.

ಹೆಂಚಿನ ಮಾಡಿನಿಂದ ನೀರು ಒಂದೇ ಸಾಲಿನಲ್ಲಿ ಬಿರುಸಾಗಿ ಬೀಳುವುದರಿಂದ ಸೂರಿನ ಕೆಳಗಿನ ಮಣ್ಣು ಕೊರೆದು ನೆಲಗಟ್ಟಿನ ಬುಡ ಸಡಿಲವಾಗುವುದು. ಆದುದರಿಂದ ಸೂರಿನ ನೀರು ಬೀಳುವ ಕಡೆ ಕಲ್ಲು ಹಾಸಿ, ಚರಂಡಿಯನ್ನು ತಗ್ಗಿನ ಕಡೆಗೆ ಹರಿಯುವಂತೆ ಕಟ್ಟತಕ್ಕದ್ದು. ಇರುಚಲು ಹೊಡೆಯುವ ಗೋಡೆಗೆ ಮಳೆಗಾಲದಲ್ಲಿ ಸೋಗೆಯ ತಟ್ಟಿಯನ್ನು ಕಟ್ಟುವ ಹಳೆಯ ಪದ್ಧತಿಯು ಅಗ್ಗವೂ ಹೌದು, ಉಪಯುಕ್ತವೂ ಹೌದು, ಅದನ್ನು ಬಿಡಬಾರದು.

2. ಮನೆಯ ಒಳಭಾಗ

ಜಗಲಿಯೂ ನಡುಮನೆಯೂ ತಂಪಾಗಿ ಅಚ್ಚುಕಟ್ಟಾಗಿರುವ ಎಷ್ಟೋ ಮನೆಗಳಲ್ಲಿ ಅಡಿಗೆಮನೆ ಮಾತ್ರ ಕತ್ತಲೆ ಮತ್ತು ಹೊಗೆಗಳಿಂದ ತುಂಬಿರುವುದು. ಇದಕ್ಕೆ ಕಾರಣವಿಲ್ಲದಿಲ್ಲ. ಒಲೆಯ ಮೇಲಣ ಅಟ್ಟದಲ್ಲಿ ಇಟ್ಟ ಬಿತ್ತನೆಯ ಬೀಜಕ್ಕೆ ಹೊಗೆಯ ದೆಸೆಯಿಂದ ಹುಳು ಹಿಡಿಯುವುದು ಕಡಮೆ. ಮಾಡಿನ ಮರಕ್ಕೂ ತೇವ ತಟ್ಟುವುದು ಕಡಮೆ. ಆದರೆ ಬೀಜವನ್ನು ಕಾಯುವ ಹೊಗೆ ಒಲೆಯ ಮುಂದೆ ಕುಳಿತವರ ಶ್ವಾಸಕೋಶವನ್ನು ಕಾಯುವುದಿಲ್ಲ. ಹೆಂಗಸರಿಗೂ ಚಿಕ್ಕ ಮಕ್ಕಳಿಗೂ ಬರುವ ಕೆಮ್ಮು, ಉಬ್ಬಸ, ಕಣ್ಣುರಿಗಳಿಗೆ ಇದು ಒಂದು ಮುಖ್ಯ ಕಾರಣ.

ಸೌದೆಯನ್ನೇ ಉರಿಸುವವರು ಹೊಗೆಕೊಳವೆಯುಳ್ಳ ಒಲೆಯನ್ನು ಹಾಕಿಸಿಕೊಳ್ಳತಕ್ಕದ್ದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಸ್ತ್ರ ವಿಭಾಗದವರು 1980ರ ದಶಕದಲ್ಲಿ ಬಳಕೆಗೆ ತಂದ ‘ಅಸ್ತ್ರ ಒಲೆ’ಯು ಇಂಥದು, ಇದರಲ್ಲಿ ಹೊಗೆ ಹೊರಕ್ಕೆ ಹೋಗುವುದಲ್ಲದೆ ಸೌದೆಯೂ ಉಳಿಯುವುದು. ಮಾಡಿನಲ್ಲಿ ಎರಡು ಮೂರು ಗಾಜಿನ ಹೆಂಚುಗಳನ್ನು ಕೂಡಿಸಿದರೆ ಹೆಚ್ಚು ಖರ್ಚಿಲ್ಲದೆ ಅಡಿಗೆಮನೆಗೆ ಬೆಳಕು ಬರುವುದು. ಬೀಜವನ್ನು ಚೆನ್ನಾಗಿ ಒಣಗಿಸಿ ಬೂದಿಯೊಡನೆ ಬೆರಸಿ ಬಾಯಿ ಬಿಗಿದ ಪಾತ್ರೆಯಲ್ಲಿಟ್ಟರೆ ಹೊಗೆಯಿಲ್ಲದೆಯೂ ಕೆಡದೆ ಉಳಿಯುವುದು.

3. ಬಚ್ಚಲಿನ ನೀರು ಮತ್ತು ಹಿತ್ತಲು

ಬಚ್ಚಲಿನ ನೀರು ಹರಿಯುವಲ್ಲಿ ಬಸಳೆಯ ಚಪ್ಪರ, ಅದರಿಂದಾಚೆ ಬಾಳೆ, ಕೆಸು. ಇದು ನಮ್ಮ ಹಿರಿಯರ ಏರ್ಪಾಡು. ಈ ಗಿಡಗಳು ಕೊಳಚೆಯನ್ನು ಹೀರಿ ಆಹಾರವಾಗಿ ಹಿಂದಿರುಗಿಸುವುವು. ಆದರೆ ನೀರು ಒಂದೇ ಕಡೆ ಮಡುಗಟ್ಟದಂತೆ ಆಗಾಗ್ಗೆ ಕಾಲುವೆಯನ್ನು ತಿರುಗಿಸುತ್ತಿರಬೇಕು.

ಹಿತ್ತಲಿನ ಗಿಡಮರಗಳನ್ನು ಮೂರು ಅಂತಸ್ತಿನಂತೆ ಬೆಳಸುವುದು ಲೇಸು. ಮೇಲೆ ಹಲಸು, ಮಾವು, ತೆಂಗು. ನಡುವೆ ನಿಂಬೆ, ನುಗ್ಗೆ, ಕರಿಬೇವು, ಬಾಳೆ. ಕೆಳಗೆ ಅರಿಶಿನ, ಶುಂಠಿ, ಸುವರ್ಣಗೆಡ್ಡೆ, ಒಂದೆಲಗ. ಮರಗಳಿಗೆ ಮೆಣಸಿನ ಬಳ್ಳಿಯನ್ನು ಹಬ್ಬಿಸಬಹುದು. ಮಳೆಯ ಹೊಡೆತವನ್ನು ಮೇಲಿನ ಎಲೆಗಳೂ ನೆಲಕ್ಕೆ ಬಿದ್ದ ತರಗೂ ತಡೆಯುವುದರಿಂದ ಇಳಿಜಾರಿನ ಮಣ್ಣು ಕೊಚ್ಚಿಹೋಗುವುದಿಲ್ಲ. ದೊಡ್ಡ ಮರಗಳನ್ನು ಮಾತ್ರ ಗೋಡೆಗೆ ಸಮೀಪ ನೆಡಬಾರದು. ಕೊಂಬೆ ಮುರಿದು ಹೆಂಚು ಒಡೆಯುವುದು, ಎಲೆ ತುಂಬಿ ಚರಂಡಿ ಕಟ್ಟುವುದು.

ಅಡಿಕೆಗೆ ಬೆಲೆ ಏರಿದಾಗಲೆಲ್ಲ ಹಿತ್ತಲನ್ನು ಸವರಿ ಅಡಿಕೆ ಸಸಿ ನೆಡುವ ಆಸೆ ಹುಟ್ಟುವುದು ಸಹಜ. ಅಡಿಕೆಯ ಧಾರಣೆ ಏರಿದಂತೆ ಇಳಿಯುವುದೂ ಉಂಟು, ಕೊಳೆರೋಗವು ಒಂದೇ ಮಳೆಗಾಲದಲ್ಲಿ ಫಸಲನ್ನು ಉದುರಿಸುವುದೂ ಉಂಟು. ಅಂಥ ವರ್ಷದಲ್ಲಿ ಮನೆಮಂದಿಯ ತಟ್ಟೆಗೆ ಪಲ್ಯವನ್ನು ಕೊಡುವುದು ಹಿತ್ತಲೇ ಹೊರತು ತೋಟವಲ್ಲ. ಹಿತ್ತಲಿನ ಬೀಜಗಳನ್ನು ಕಾಪಾಡಿಕೊಂಡು ಬಂದವರು ಬಹುಮಟ್ಟಿಗೆ ಮನೆಯ ಹೆಂಗಸರು. ಶಿರಸಿಯ ಕಡೆ ‘ವನಸ್ತ್ರೀ’ ಎಂಬ ಸಂಘದವರು 2001ರಿಂದ ಇಂಥ ಬೀಜಗಳನ್ನು ಒಬ್ಬರಿಂದೊಬ್ಬರಿಗೆ ಹಂಚುವ ಕೆಲಸವನ್ನು ಕೈಗೊಂಡರು. ಹಿತ್ತಲಿನ ವಿಷಯದಲ್ಲಿ ಮನೆಯ ಯಜಮಾನರು ಯಜಮಾನಿತಿಯ ಮಾತನ್ನು ಕೇಳಿ ನಡೆಯುವುದು ಉತ್ತಮ.

4. ಬಾವಿ

ಮಲೆನಾಡಿನಲ್ಲಿ ಮಳೆಗಾಲದ ಬಾವಿಯ ನೀರು ಕೈಗೆಟಕುವಷ್ಟು ಮೇಲೆ ಬರುವುದು. ಆಗ ಗೊಬ್ಬರದ ಗುಂಡಿಯ ರಸವೂ ಪಾಯಿಖಾನೆಯ ಗುಂಡಿಯ ಕೊಳಕೂ ಮಣ್ಣಿನಲ್ಲಿ ಇಳಿದು ಬಾವಿಯನ್ನು ಸೇರಲು ಹೆಚ್ಚು ದೂರ ಹೋಗಬೇಕಾಗಿಲ್ಲ. ಇವು ಕೂಡಲೇಬಾರದ ವಸ್ತುಗಳು. ಬಾವಿಯು ಗುಂಡಿಗಳಿಗಿಂತ ಎತ್ತರದ ನೆಲದಲ್ಲಿರಬೇಕು. ಎರಡಕ್ಕೂ ನಡುವೆ ಕಡಮೆ ಪಕ್ಷ 50 ಅಡಿ ಅಂತರವಿರಬೇಕು. ಬಾವಿಗೆ ಕಟ್ಟೆಯನ್ನೂ, ಸುತ್ತ ಇಳಿಜಾರಾದ ಗಾರೆಯ ನೆಲವನ್ನೂ ಮಾಡಿಸಿ, ಚೆಲ್ಲಿದ ನೀರು ಮರಳಿ ಬಾವಿಗಿಳಿಯದಂತೆ ಮಾಡತಕ್ಕದ್ದು. ನೀರು ಎಷ್ಟೇ ತಿಳಿಯಾಗಿ ಕಂಡರೂ ಮಳೆಗಾಲದಲ್ಲಿ ಕುದಿಸಿಯೇ ಕುಡಿಯಬೇಕು.

5. ಕೊಟ್ಟಿಗೆ, ಸೊಪ್ಪು ಮತ್ತು ಉಣುಗು

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 12 ಕಿಲೋಗ್ರಾಂ ಹಸುರೆಲೆಯನ್ನೂ 12 ಕಿಲೋಗ್ರಾಂ ಕೊಟ್ಟಿಗೆ ಗೊಬ್ಬರವನ್ನೂ ಹಾಕಬೇಕೆಂದು ಶಿಫಾರಸು ಉಂಟು. ನೂರಾರು ಮರಗಳುಳ್ಳ ತೋಟಕ್ಕೆ ಬೇಕಾಗುವ ಸೊಪ್ಪು, ದರಕುಗಳ ಮೊತ್ತವನ್ನು ರೈತರು ತಾವೇ ಲೆಕ್ಕ ಹಾಕಬಹುದು. ಇದರಿಂದಲೇ ಕಾಡಿನ ಎಲೆ ಹೊರೆಹೊರೆಯಾಗಿ ಮನೆಯ ಮಗ್ಗುಲಿಗೆ ಬರುವುದು.

ಈ ಎಲೆಯೊಡನೆ ಉಣುಗೂ ಬರುವುದೆಂಬುದನ್ನು ಮರೆಯಬಾರದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು, ಸುತ್ತಲಿನ ಹಳ್ಳಿಗಳ ಜನರಿಗೂ ಕಠಿಣವಾದ ಜ್ವರ ಬಂದಾಗ ಈ ರೋಗದ ವೈರಾಣುವನ್ನು ಕಂಡುಹಿಡಿದರು. ಜನರು ಇದನ್ನು ಮಂಗನ ಕಾಯಿಲೆಯೆಂದು ಕರೆಯುವರು. ರೋಗವನ್ನು ಹರಡುವುದು ಉಣುಗಿನ ಕಡಿತ. ಮನುಷ್ಯನಿಂದ ಮನುಷ್ಯನಿಗೆ ಇದು ಅಂಟುವುದಿಲ್ಲ. ಇದರ ಹಾವಳಿ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ದರಕು ಗುಡಿಸುವ ಕಾಲವೂ ಅದೇ.

ಆದುದರಿಂದ ಬೆಟ್ಟಕ್ಕೆ ಹೋಗುವವರು ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆಯವರು ಸೂಚಿಸುವ ಉಣುಗು ನಿವಾರಕ ತೈಲವನ್ನು ತೆರೆದ ಭಾಗಗಳಿಗೆ ಹಚ್ಚಿಕೊಳ್ಳತಕ್ಕದ್ದು. ಹಿಂದಿರುಗಿದೊಡನೆ ಬಿಸಿನೀರು, ಸಾಬೂನುಗಳಿಂದ ಸ್ನಾನ ಮಾಡಿ, ಉಟ್ಟ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಬೇಕು. ದರಕಿನ ರಾಶಿಯನ್ನು ಜಗಲಿಯಲ್ಲಾಗಲಿ ಮಲಗುವ ಕೋಣೆಯ ಗೋಡೆಗೆ ತಾಗಿಸಿಯಾಗಲಿ ಹಾಕಬಾರದು. ಕೂಲಿಯಾಳುಗಳಿಗೂ ಈ ಅನುಕೂಲಗಳನ್ನು ಒದಗಿಸುವುದು ಜಮೀನುದಾರರ ಕರ್ತವ್ಯ. ಎಲೆಯ ಹೊರೆಯನ್ನು ಹೊರುವವರು ಅವರೇ.

6. ನಿಂತ ನೀರು

ಸೊಳ್ಳೆಯ ಮೊಟ್ಟೆ ಬೆಳೆದು ರೆಕ್ಕೆಯ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ತೋಟದಲ್ಲಿ ಬಿದ್ದ ಹಾಳೆ, ತೆಂಗಿನ ಚಿಪ್ಪು, ಒಡೆದ ಮಡಕೆ, ಹಳೆಯ ಟೈರು, ಇವುಗಳಲ್ಲಿ ನಿಂತ ಬೊಗಸೆ ನೀರು ಡೆಂಗಿ ಜ್ವರದ ಸೊಳ್ಳೆಗೆ ಯಥೇಷ್ಟವಾಗುವುದು. ವಾರಕ್ಕೊಂದು ದಿನವನ್ನು ಗೊತ್ತುಮಾಡಿ ಇವನ್ನೆಲ್ಲ ಬರಿದು ಮಾಡಿದರೆ ಸೊಳ್ಳೆಯ ಸಂತತಿ ಅಲ್ಲಿಗೇ ಕಡಿಯುವುದು. ಹಾಳೆಗಳನ್ನು ಕವಿಚಿಡಬೇಕು, ಇಲ್ಲವೇ ಗೊಬ್ಬರದ ಗುಂಡಿಗೆ ಸೇರಿಸಬೇಕು.

7. ಊರಿನ ಮುಖಂಡರಿಗೆ ಸೂಚನೆ

ಮೇಲಿನ ಕೆಲಸಗಳಲ್ಲಿ ಹೆಚ್ಚಿನವು ಒಂದೊಂದು ಮನೆಯವರ ಕೈಯಲ್ಲಿಯೇ ಇವೆ. ಆದರೆ ಮೇಲಿನ ಮನೆಯ ಗೊಬ್ಬರಗುಂಡಿಯು ಕೆಳಗಿನ ಮನೆಯ ಬಾವಿಯನ್ನು ಕೆಡಿಸಬಲ್ಲುದು. ಒಬ್ಬರ ಹಿತ್ತಲಿನ ಸೊಳ್ಳೆ ಬೇಲಿಯನ್ನು ಲೆಕ್ಕಿಸದು. ಇಂಥಲ್ಲಿ ಮುಖಂಡರು ಮಧ್ಯಸ್ಥರಾಗಿ ನಯದಿಂದ ತಿಳಿಯಹೇಳಬೇಕು. ಕಾಡಿನಲ್ಲಿ ಮಂಗ ಸತ್ತುಬಿದ್ದಿರುವುದು ಕಂಡರೆ ಯಾರೂ ಮುಟ್ಟದಂತೆ ತಡೆದು, ಆ ದಿನವೇ ಆರೋಗ್ಯ ಇಲಾಖೆಗೆ ವರದಿ ಕಳುಹಿಸತಕ್ಕದ್ದು.

ಸಾರಾಂಶ

ಕೂಡಿಸತಕ್ಕವು: ಬಚ್ಚಲ ನೀರಿಗೆ ಬಾಳೆ, ಬೂದಿಗೆ ಪಾತಿ, ಸೆಗಣಿಗೆ ಸೊಪ್ಪು, ಗೊಬ್ಬರಕ್ಕೆ ತೋಟ, ಅಡಿಗೆಮನೆಗೆ ಬೆಳಕು.

ಬೇರ್ಪಡಿಸತಕ್ಕವು: ಬಾವಿಯಿಂದ ಗುಂಡಿ, ಒಲೆಯ ಮುಂದಿನವರಿಂದ ಹೊಗೆ, ಜಗಲಿಯಿಂದ ದರಕು, ಗೋಡೆಯಿಂದ ದೊಡ್ಡ ಮರ, ಅಂಗಳದಿಂದ ನಿಂತ ನೀರು.

ಮೃಗಶಿರಾ ಮಳೆ ಹಿಡಿಯುವುದಕ್ಕೆ ಮುಂಚೆ ಮನೆಯವರೆಲ್ಲರೂ ಒಂದು ಸಾರಿ ಮನೆಯ ಸುತ್ತ ನಡೆದು ಈ ಹತ್ತು ಸಂಗತಿಗಳನ್ನು ನೋಡಿಕೊಳ್ಳಲಿ. ಅದಕ್ಕೆ ತಗಲುವುದು ಅರ್ಧ ದಿನ. ಜ್ವರವೊಂದು ಮನೆಗೆ ಹೊಕ್ಕರೆ ಹೋಗುವುದು ನಾಟಿಯ ಹಂಗಾಮೇ.