ಮುಕ್ತ ಕಾರ್ಯಾಚರಣ ವ್ಯವಸ್ಥೆ: ಅದರ ಗುರಿ, ಅದರ ವೆಚ್ಚ

ಶಿವಮೊಗ್ಗ ಜಿಲ್ಲೆಯ ವಿದ್ಯಾರ್ಥಿಗಳಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯನ್ನು ಹೊರಗಿನಿಂದಲಾದರೂ ನೋಡದವರು ವಿರಳ. ೧೯೨೩ರಲ್ಲಿ ಉತ್ಪಾದನೆಯನ್ನು ಆರಂಭಿಸಿದ ಈ ಕಾರ್ಖಾನೆಯು ಮೈಸೂರು ಸಂಸ್ಥಾನದ ಬೊಕ್ಕಸದ ಹಣದಿಂದ ಕಟ್ಟಲ್ಪಟ್ಟಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಮಲೆನಾಡಿನ ಸೌದೆಯ ಇದ್ದಲಿನೊಡನೆ ಕುಲುಮೆಗೆ ಹಾಕಿ ಕಬ್ಬಿಣವನ್ನು ಪಡೆಯುತ್ತಿದ್ದರು. ಮೊದಲ ವರ್ಷಗಳಲ್ಲಿ ನಷ್ಟವೇ ಹೆಚ್ಚು. ಆದರೂ ಸರ್ ಎಂ. ವಿಶ್ವೇಶ್ವರಯ್ಯನವರು ಆಡಳಿತ ಮಂಡಲಿಯ ಅಧ್ಯಕ್ಷರಾಗಿ ಅದನ್ನು ಕೈಬಿಡದೆ ನಡೆಸಿದರು. ನಾಡಿನಲ್ಲಿ ಲೋಹೋದ್ಯಮವು ಬೇರೂರಬೇಕೆಂಬ ಗುರಿಯು ಒಂದೆರಡು ವರ್ಷಗಳ ಲಾಭನಷ್ಟದ ಲೆಕ್ಕಕ್ಕೆ ಸಿಕ್ಕತಕ್ಕದ್ದಲ್ಲ. ದೂರದ ಗುರಿಗೆ ತಾಳ್ಮೆಯುಳ್ಳ ಹಣ ಬೇಕು.

ಈ ಮಾತು ಇಂದಿನ ಗಣಕಯಂತ್ರಗಳ ಒಳಗಿರತಕ್ಕ ಮುಕ್ತ ತಂತ್ರಾಂಶಕ್ಕೂ ಅನ್ವಯಿಸುವುದು. ಯಾರು ಬೇಕಾದರೂ ಬೆಲೆ ಕೊಡದೆ ಪಡೆಯಬಹುದಾದ ವಸ್ತುವನ್ನು ಯಾರು, ಯಾವ ಉದ್ದೇಶದಿಂದ, ಯಾರ ಹಣದಿಂದ ನಿರ್ಮಿಸುತ್ತಾರೆ? ಇದನ್ನು ಸ್ವಲ್ಪ ವಿಚಾರಮಾಡೋಣ.

ಕಾರ್ಯಾಚರಣ ವ್ಯವಸ್ಥೆ ಎಂದರೇನು?

ಗಣಕದಲ್ಲಿ ಲೆಕ್ಕಮಾಡುವ ಅಂಗ, ನೆನಪಿನ ಕೋಶ, ಕೀಲಿಮಣೆ, ತೆರೆ ಮೊದಲಾದ ಭಾಗಗಳಿರುವುವು. ಯಾವ ಕೆಲಸಕ್ಕೆ ಯಾವ ಭಾಗ, ಎಷ್ಟು ಕಾಲ ಎಂಬುದನ್ನು ನಿರ್ಣಯಿಸಿ ಎಲ್ಲವನ್ನೂ ಹೊಂದಿಸತಕ್ಕ ಮೂಲ ತಂತ್ರಾಂಶವೇ ಕಾರ್ಯಾಚರಣ ವ್ಯವಸ್ಥೆ. ರೈಲು ನಿಲ್ದಾಣದಲ್ಲಿ ಸ್ಟೇಷನ್ ಮಾಸ್ತರರು ಒಂದೇ ಹಳಿಯನ್ನು ಅನೇಕ ಗಾಡಿಗಳಿಗೆ ಸರದಿಯಂತೆ ಬಿಟ್ಟುಕೊಡುವುದನ್ನು ಇದಕ್ಕೆ ಹೋಲಿಸಬಹುದು.

ಇದನ್ನು ಮನುಷ್ಯರು ಓದಬಲ್ಲ ಆದೇಶಗಳ ರೂಪದಲ್ಲಿ ಬರೆದು, ಅನಂತರ ಯಂತ್ರಕ್ಕೆ ತಿಳಿಯುವ ರೂಪಕ್ಕೆ ತಿರುಗಿಸುವರು. ಮೊದಲನೆಯ ರೂಪಕ್ಕೆ ಆಕರ ಸಂಕೇತವೆಂದು ಹೆಸರು. ವಿಂಡೋಸ್‌ನಂತಹ ವ್ಯವಸ್ಥೆಗಳಲ್ಲಿ ಇದು ಸಂಸ್ಥೆಯ ಗುಟ್ಟು. ಮುಕ್ತ ವ್ಯವಸ್ಥೆಯಲ್ಲಾದರೋ ಯಾರು ಬೇಕಾದರೂ ಅದನ್ನು ಬಳಸಬಹುದು, ಓದಿ ತಿದ್ದಬಹುದು, ಹಂಚಬಹುದು, ತಿದ್ದಿದುದನ್ನೂ ಹಂಚಬಹುದು.

ಕಬ್ಬಿಣಕ್ಕೂ ತಂತ್ರಾಂಶಕ್ಕೂ ಇರುವ ಭೇದ

ಭದ್ರಾವತಿಯಲ್ಲಿ ತಯಾರಾದ ಒಂದು ಟನ್ ಕಬ್ಬಿಣವನ್ನು ಶಿವಮೊಗ್ಗಕ್ಕೆ ಸಾಗಿಸಿದರೆ ಅದು ಭದ್ರಾವತಿಯಲ್ಲಿ ಉಳಿಯುವುದಿಲ್ಲ. ತಂತ್ರಾಂಶದ ವಿಷಯದಲ್ಲಿ ಹೀಗಲ್ಲ. ಪ್ರತಿಯನ್ನು ಬೇರೊಬ್ಬರಿಗೆ ಕೊಟ್ಟರೂ ಮೂಲವು ಕೊಟ್ಟವರ ಬಳಿಯೇ ಇರುವುದು. ನಕಲಿಗೆ ಬೇಕಾಗುವ ವಿದ್ಯುತ್ತು ಅತ್ಯಲ್ಪ.

ಹೀಗೆಂದ ಮಾತ್ರಕ್ಕೆ ವೆಚ್ಚವೇ ಇಲ್ಲವೆಂದು ತಿಳಿಯಲಾಗದು. ತಂತ್ರಾಂಶಕ್ಕೆ ತುಕ್ಕು ಹಿಡಿಯದಿದ್ದರೂ ಅದರ ಸುತ್ತಲಿನ ಲೋಕ ಬದಲಾಗುತ್ತಲೇ ಇರುತ್ತದೆ. ಹೊಸ ಯಂತ್ರಗಳು ಬರುವುವು. ಕಳ್ಳರು ನುಸುಳಬಹುದಾದ ಹೊಸ ದೋಷಗಳು ಪತ್ತೆಯಾಗುವುವು. ನಿನ್ನೆ ಸರಿಯಾಗಿದ್ದ ವ್ಯವಸ್ಥೆಯನ್ನು ಇಂದೂ ಸರಿಯಾಗಿಡಲು ನುರಿತವರ ಶ್ರಮ ಬೇಕು. ಮುಕ್ತ ತಂತ್ರಾಂಶದ ವೆಚ್ಚವಿರುವುದು ಹಂಚಿಕೆಯಲ್ಲಲ್ಲ, ಪಾಲನೆಯಲ್ಲಿ.

ಹಣ ಬಂದ ದಾರಿಗಳು

ಅಮೆರಿಕದ ರಿಚರ್ಡ್ ಸ್ಟಾಲ್ಮನ್ ೧೯೮೩ರಲ್ಲಿ ಗ್ನೂ ಯೋಜನೆಯನ್ನು ಪ್ರಕಟಿಸಿದರು. ಬಳಕೆದಾರರ ಸ್ವಾತಂತ್ರ್ಯವೇ ಅವರ ಗುರಿ. ಮೊದಲಲ್ಲಿ ಅವರು ತಂತ್ರಾಂಶವನ್ನು ಕಾಂತಪಟ್ಟಿಯಲ್ಲಿ ತುಂಬಿ ೧೫೦ ಡಾಲರಿಗೆ ಕಳುಹಿಸಿಕೊಡುತ್ತಿದ್ದರು. ೧೯೮೫ರಲ್ಲಿ ದೇಣಿಗೆಯಿಂದ ನಡೆಯುವ ಒಂದು ಪ್ರತಿಷ್ಠಾನವನ್ನೂ ಸ್ಥಾಪಿಸಿದರು.

೧೯೯೧ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ವ್ಯವಸ್ಥೆಯ ತಿರುಳೊಂದನ್ನು ಬರೆದು ಹಂಚಿದರು. ಅದೇ ಲಿನಕ್ಸ್. ಮೊದಲ ಪರವಾನಗಿಯಂತೆ ಅದನ್ನು ಹಣಕ್ಕೆ ಮಾರುವಂತಿರಲಿಲ್ಲ. ೧೯೯೨ರಲ್ಲಿ ಅವರು ಗ್ನೂ ಪರವಾನಗಿಯನ್ನು ಒಪ್ಪಿಕೊಂಡಾಗ ಮಾರಾಟಕ್ಕೆ ಅಡ್ಡಿ ತೊಲಗಿತು. ಆದರೆ ಹಂಚುವವರು ಆಕರ ಸಂಕೇತವನ್ನೂ ಕೊಡಬೇಕೆಂಬ ನಿಯಮ ಉಳಿಯಿತು. ವ್ಯಾಪಾರಿಗಳು ಒಳಗೆ ಬಂದರು, ಗುಟ್ಟು ಮಾತ್ರ ಒಳಗೆ ಬರಲಿಲ್ಲ. ಇಂದು ಲಿನಕ್ಸಿನ ತಿರುಳಿನಲ್ಲಿ ದುಡಿಯುವವರ ಪೈಕಿ ಬಹುಪಾಲು ಜನರು ಇಂಟೆಲ್, ಗೂಗಲ್, ರೆಡ್ ಹ್ಯಾಟ್ ಮೊದಲಾದ ಸಂಸ್ಥೆಗಳಿಂದ ಸಂಬಳ ಪಡೆಯತಕ್ಕವರು. ಈ ಸಂಸ್ಥೆಗಳಿಗೂ ಆ ತಿರುಳು ಬೇಕಾದುದರಿಂದ ಅವು ಕೂಡಿ ವೆಚ್ಚವನ್ನು ಹೊರುತ್ತವೆ. ೧೯೯೩ರಲ್ಲಿ ಹುಟ್ಟಿದ ಡೆಬಿಯನ್ ಯೋಜನೆಯಾದರೋ ಮುಖ್ಯವಾಗಿ ಸ್ವಯಂಸೇವಕರ ಶ್ರಮದಿಂದಲೂ ದೇಣಿಗೆಯಿಂದಲೂ ನಡೆಯುತ್ತಿದೆ.

ಗುರಿಯೇ ವೆಚ್ಚವನ್ನು ನಿರ್ಣಯಿಸಿದ ಪ್ರಸಂಗ

ಗುರಿಗೂ ಹಣಕ್ಕೂ ಇರುವ ಸಂಬಂಧವನ್ನು ಕೆನಡ ದೇಶದ ಓಪನ್‌ಬಿಎಸ್‌ಡಿ ಸ್ಪಷ್ಟಪಡಿಸುತ್ತದೆ. ಥಿಯೋ ಡಿ ರಾಟ್ ೧೯೯೫ರಲ್ಲಿ ಆರಂಭಿಸಿದ ಈ ವ್ಯವಸ್ಥೆಯ ಗುರಿ ಸುರಕ್ಷತೆ. ದೂರದ ಗಣಕಗಳನ್ನು ಭದ್ರವಾಗಿ ನಿಯಂತ್ರಿಸಲು ಜಗತ್ತೆಲ್ಲ ಬಳಸುವ ಓಪನ್‌ಎಸ್‌ಎಸ್‌ಎಚ್ ಈ ಯೋಜನೆಯದೇ ಕೊಡುಗೆ.

ಈ ತಂಡವು ತನ್ನ ವ್ಯವಸ್ಥೆಯನ್ನು ಅನೇಕ ಜಾತಿಯ ನಿಜವಾದ ಯಂತ್ರಗಳ ಮೇಲೆ, ಹಳೆಯವುಗಳ ಮೇಲೂ, ನಡೆಸಿ ಪರೀಕ್ಷಿಸುತ್ತಿದ್ದಿತು. ಒಂದು ಜಾತಿಯ ಯಂತ್ರದಲ್ಲಿ ಅಡಗಿರುವ ದೋಷವು ಇನ್ನೊಂದರಲ್ಲಿ ಬಯಲಿಗೆ ಬರುತ್ತದೆಂಬುದೇ ಇದಕ್ಕೆ ಕಾರಣ. ಆದರೆ ಆ ಯಂತ್ರಗಳಿಗೆ ಹಗಲಿರುಳು ವಿದ್ಯುತ್ತು ಬೇಕು. ೨೦೧೪ರ ಜನವರಿಯಲ್ಲಿ, ವರ್ಷಕ್ಕೆ ಸುಮಾರು ೨೦,೦೦೦ ಡಾಲರುಗಳ ವಿದ್ಯುತ್ ವೆಚ್ಚಕ್ಕೆ ಹಣವಿಲ್ಲದೆ ಯೋಜನೆಯೇ ನಿಂತುಹೋಗುವ ಸ್ಥಿತಿ ಒದಗಿತು.

ಭೌತಶಾಸ್ತ್ರದ ವಿದ್ಯಾರ್ಥಿಗಳು ಇದನ್ನೊಂದು ಲೆಕ್ಕವಾಗಿ ಮಾಡಿ ನೋಡಬಹುದು. ಒಂದು ಯೂನಿಟ್ ವಿದ್ಯುತ್ತಿಗೆ ೧೦ ಸೆಂಟ್, ಎಂದರೆ ಡಾಲರಿನ ಹತ್ತನೆಯ ಒಂದು ಭಾಗ, ಎಂದು ಭಾವಿಸೋಣ. ಆಗ ೨೦,೦೦೦ ಡಾಲರಿಗೆ ೨,೦೦,೦೦೦ ಯೂನಿಟ್. ವರ್ಷಕ್ಕೆ ೮,೭೬೦ ಗಂಟೆಗಳು. ಭಾಗಿಸಿದರೆ ಸರಾಸರಿ ಸಾಮರ್ಥ್ಯ ಸುಮಾರು ೨೩ ಕಿಲೋವಾಟ್. ೧೦೦ ವಾಟಿನ ೨೩೦ ಗಣಕಗಳು ಎಡೆಬಿಡದೆ ಉರಿದಂತೆ. ಲೋಕವೆಲ್ಲ ನೆಚ್ಚಿಕೊಂಡಿದ್ದ ಸಾಧನದ ಅಳಿವು ಉಳಿವು ಇಷ್ಟರ ಮೇಲೆ ನಿಂತಿದ್ದಿತು! ವಿಷಯ ಬಹಿರಂಗವಾದೊಡನೆ ಸಣ್ಣ ದೊಡ್ಡ ದೇಣಿಗೆಗಳು ಕೂಡಿ ಬಂದು ಯೋಜನೆ ಉಳಿಯಿತು.

ಒಂದೇ ದಾತನನ್ನು ನೆಚ್ಚಿದರೆ ಏನಾಗುವುದೆಂಬುದನ್ನೂ ಇದೇ ತಂಡ ಕಂಡಿದೆ. ಅಮೆರಿಕದ ರಕ್ಷಣಾ ಸಂಶೋಧನ ಸಂಸ್ಥೆಯ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಡಾಲರುಗಳ ಅನುದಾನದಲ್ಲಿ ಒಂದು ಪಾಲು ಇದಕ್ಕೆ ದೊರೆಯುತ್ತಿದ್ದಿತು. ೨೦೦೩ರಲ್ಲಿ ಡಿ ರಾಟ್ ಇರಾಕ್ ಯುದ್ಧವನ್ನು ಟೀಕಿಸಿ ಆಡಿದ ಮಾತುಗಳು ಪತ್ರಿಕೆಯಲ್ಲಿ ಬಂದ ಕೆಲವೇ ದಿನಗಳಲ್ಲಿ ಆ ನೆರವು ನಿಂತಿತು.

ಹಣ ನಿಂತ ಮೇಲೆ ಉಳಿಯುವುದೇನು?

ಭದ್ರಾವತಿಯ ಮೈಸೂರು ಕಾಗದದ ಕಾರ್ಖಾನೆ ೧೯೩೬ರಲ್ಲಿ ಸ್ಥಾಪಿತವಾಯಿತು. ೨೦೧೫ರಲ್ಲಿ ಅದರ ಉತ್ಪಾದನೆ ನಿಂತಿತು. ದುಡಿಯಬಲ್ಲ ಕೈಗಳಿದ್ದರೂ ಅಲ್ಲಿನ ಯಂತ್ರವನ್ನು ಕಾರ್ಮಿಕರು ಹೊತ್ತೊಯ್ದು ಬೇರೆಡೆ ನಡೆಸುವಂತಿಲ್ಲ. ಅದೇ ೨೦೧೫ರಲ್ಲಿ ಲಿನಕ್ಸ್ ಆಧಾರದ ವ್ಯವಸ್ಥೆಯೊಂದನ್ನು ತಯಾರಿಸುತ್ತಿದ್ದ ಫ್ರಾನ್ಸಿನ ಮ್ಯಾಂಡ್ರಿವಾ ಸಂಸ್ಥೆಯೂ ಮುಚ್ಚಿತು. ಆದರೆ ಅದರ ಕೆಲಸ ನಿಲ್ಲಲಿಲ್ಲ. ಸಂಸ್ಥೆಯು ಕಷ್ಟಕ್ಕೀಡಾಗಿದ್ದ ೨೦೧೦ರಲ್ಲಿಯೇ ಅಲ್ಲಿಂದ ಹೊರಬಂದ ನೌಕರರೂ ಬಳಕೆದಾರರೂ ಆಕರ ಸಂಕೇತವನ್ನು ತೆಗೆದುಕೊಂಡು ಮಜೀಯ ಎಂಬ ಹೊಸ ವ್ಯವಸ್ಥೆಯನ್ನು ಕಟ್ಟಿದ್ದರು. ಮುಕ್ತ ಪರವಾನಗಿಯು ನೌಕರರ ಸಂಬಳವನ್ನು ಉಳಿಸಲಾರದು. ಅವರು ಮಾಡಿದ ಕೆಲಸವನ್ನು ಉಳಿಸಬಲ್ಲುದು.

ನಮ್ಮ ದೇಶ, ನಮ್ಮ ಭಾಷೆ

ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆ ೨೦೦೭ರಲ್ಲಿ ಬಾಸ್ ಎಂಬ ಭಾರತೀಯ ಕಾರ್ಯಾಚರಣ ವ್ಯವಸ್ಥೆಯನ್ನು ಹೊರತಂದಿತು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಗಣಕವನ್ನು ಬಳಸುವಂತಾಗಬೇಕೆಂಬುದು ಅದರ ಒಂದು ಗುರಿ, ಹಣ ಸರ್ಕಾರದ್ದು. ಆದರೆ ಅಡಿಪಾಯ ಡೆಬಿಯನ್ನಿನದು. ತಳಹದಿ ಮೊದಲೇ ಸಿದ್ಧವಿದ್ದುದರಿಂದ ಮೇಲಿನ ಅಂತಸ್ತಿಗೆ ಮಾತ್ರ ವೆಚ್ಚಮಾಡಿದರೆ ಸಾಕಾಯಿತು.

ಕನ್ನಡಕ್ಕೆ ಇದರಿಂದೇನು ಪ್ರಯೋಜನ? 'ಶಿವಮೊಗ್ಗ' ಎಂಬ ಮಾತನ್ನೇ ನೋಡಿರಿ. ಕಣ್ಣಿಗೆ ನಾಲ್ಕು ಅಕ್ಷರಗಳು. ಯೂನಿಕೋಡ್ ಪದ್ಧತಿಯಂತೆ ಗಣಕದ ಒಳಗೆ ಎಂಟು ಸಂಕೇತಗಳು: ಶಕಾರ, ಅದರ ಗುಡಿಸು, ವಕಾರ, ಮಕಾರ, ಒತ್ವ, ಗಕಾರ, ಅರ್ಧಾಕ್ಷರದ ಚಿಹ್ನೆ, ಮತ್ತೆ ಗಕಾರ. ಎರಡನೆಯ ಗಕಾರವನ್ನು ಒತ್ತಾಗಿಸಿ ಮೊದಲನೆಯದರ ಕೆಳಗೆ ಕೂರಿಸಲು ಪ್ರತ್ಯೇಕ ತಂತ್ರಾಂಶ ಬೇಕು. ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಆಂಡ್ರಾಯ್ಡ್ ದೂರವಾಣಿಗಳಲ್ಲಿಯೂ ಲಿನಕ್ಸಿನಲ್ಲಿಯೂ ಈ ಕೆಲಸವನ್ನು ಮಾಡುತ್ತಿದೆ. ಅದರ ಮುಖ್ಯ ಕರ್ತೃವಿಗೆ ಮೊದಲು ರೆಡ್ ಹ್ಯಾಟ್, ಬಳಿಕ ಗೂಗಲ್ ಸಂಬಳ ಕೊಟ್ಟವು. ಕನ್ನಡಿಗರು ಅದಕ್ಕಾಗಿ ಹಣ ಕೊಡಲಿಲ್ಲ; ಆದರೂ ಫಲ ದೊರೆಯಿತು. ನಾಳೆ ಆ ಸಂಸ್ಥೆಗಳ ಗಮನ ಬೇರೆಡೆ ಹರಿದರೆ ನಮ್ಮ ಒತ್ತಕ್ಷರಗಳನ್ನು ನೋಡಿಕೊಳ್ಳುವವರು ನಮ್ಮಲ್ಲಿರಬೇಕಲ್ಲವೆ?

ಕಾಸರಗೋಡಿನ ನಿದರ್ಶನ ಇಲ್ಲಿ ಉಪಯುಕ್ತ. ಕೇರಳವು ತನ್ನ ಸರ್ಕಾರಿ ಶಾಲೆಗಳ ಗಣಕಗಳಲ್ಲಿ ಮುಕ್ತ ವ್ಯವಸ್ಥೆಯನ್ನು ಅಳವಡಿಸಿದೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುವರು. ಪರವಾನಗಿಗೆ ತೆರಬೇಕಾದ ಹಣ ಉಳಿಯಿತೆಂಬುದು ನಿಜ. ಆದರೆ ಸರ್ಕಾರ ವೆಚ್ಚವನ್ನೇ ಮಾಡಲಿಲ್ಲವೆಂದಲ್ಲ; ಅಧ್ಯಾಪಕರ ಶಿಕ್ಷಣಕ್ಕೂ ತಂತ್ರಾಂಶದ ಪಾಲನೆಗೂ ಅದು ಹಣ ವಿನಿಯೋಗಿಸಿತು.

ನಮ್ಮಲ್ಲಿಯೂ ಈ ಪ್ರಶ್ನೆ ದೂರದ್ದಲ್ಲ. ವಿಂಡೋಸ್ ೧೦ ವ್ಯವಸ್ಥೆಗೆ ದೊರೆಯುತ್ತಿದ್ದ ಸಾಮಾನ್ಯ ಬೆಂಬಲ ೨೦೨೫ರ ಅಕ್ಟೋಬರ್ ೧೪ಕ್ಕೆ ಮುಗಿಯಿತು. ಅನೇಕ ಹಳೆಯ ಗಣಕಗಳು ವಿಂಡೋಸ್ ೧೧ಕ್ಕೆ ಒಗ್ಗುವುದಿಲ್ಲ. ಯಂತ್ರವು ಗಟ್ಟಿಯಾಗಿದ್ದರೂ ಅದನ್ನು ಗುಜರಿಗೆ ಹಾಕಬೇಕೆ, ಮುಕ್ತ ವ್ಯವಸ್ಥೆಯಿಂದ ಇನ್ನೂ ಕೆಲವು ವರ್ಷ ದುಡಿಸಬಹುದೆ? ಉತ್ತರವು ಆಯಾ ಶಾಲೆ ಕಾಲೇಜುಗಳಲ್ಲಿ ಅದನ್ನು ಬಲ್ಲವರಿರುವರೇ ಎಂಬುದನ್ನು ಅವಲಂಬಿಸಿದೆ. ವಿದ್ಯಾರ್ಥಿಗಳು ಹಣವನ್ನು ಕೊಡಲಾರದಿದ್ದರೂ ದೋಷಗಳನ್ನು ಗುರುತಿಸಿ ತಿಳಿಸಬಹುದು, ಆದೇಶಗಳನ್ನು ಕನ್ನಡಕ್ಕೆ ತರಬಹುದು, ಆಕರ ಸಂಕೇತವನ್ನು ಓದಲು ಕಲಿಯಬಹುದು. ಅದೂ ಒಂದು ಬಗೆಯ ಬಂಡವಾಳವೇ.

ಅಭ್ಯಾಸ

೧. ನಿಮ್ಮ ಶಾಲೆ ಅಥವಾ ಕಾಲೇಜಿನ ಗಣಕಗಳಲ್ಲಿ ಯಾವ ಕಾರ್ಯಾಚರಣ ವ್ಯವಸ್ಥೆಯಿದೆ? ಅದರ ಪಾಲನೆಯ ವೆಚ್ಚವನ್ನು ಹೊರುವವರು ಯಾರು?

೨. 'ಭದ್ರಾವತಿ' ಎಂಬ ಮಾತಿನಲ್ಲಿ ಎಷ್ಟು ಅಕ್ಷರಗಳು, ಎಷ್ಟು ಯೂನಿಕೋಡ್ ಸಂಕೇತಗಳಿವೆ?

೩. ಒಬ್ಬನೇ ದೊಡ್ಡ ದಾತ, ಸಾವಿರಾರು ಸಣ್ಣ ದಾತರು, ಸರ್ಕಾರ: ಈ ಮೂರರಲ್ಲಿ ಒಂದೊಂದರಿಂದಲೂ ಯೋಜನೆಯ ಗುರಿಗೆ ಆಗಬಹುದಾದ ಅನುಕೂಲವನ್ನೂ ಅಪಾಯವನ್ನೂ ವಿವರಿಸಿರಿ.